ಕಾರ್ಡ್ ಕೀಳುವ ಮೊದಲು

ಮಂಡ್ಯದ ಹೊರವಲಯದಲ್ಲಿ ನಾನು ನೋಡಿಕೊಳ್ಳುವ ಒಂದು ಸಲಕರಣೆ ಕೊಠಡಿ ಇದೆ. ಇಂಟರ್‌ನೆಟ್ಟಿನ ಮಾಹಿತಿಯನ್ನು ಸರಿಯಾದ ದಾರಿಗೆ ಹಚ್ಚುವ ಯಂತ್ರ ರೂಟರ್; ಅಲ್ಲಿನ ರೂಟರಿನ ಗಾಳಿ ಸೋಸುವ ಜಾಲರಿಯನ್ನು ಹೊರಗೆಳೆದು ಬೆರಳಾಡಿಸಿದರೆ ಅಂಟಿಕೊಳ್ಳುವುದು ಬರೀ ಧೂಳಲ್ಲ, ತುಸು ಜಿಡ್ಡಾದ ಕಪ್ಪು ಮಸಿ. ಕೊಠಡಿಯ ಹಿಂದಿನ ಗದ್ದೆಗಳಾಚೆ ಆಲೆಮನೆಗಳಿವೆ. ಕಬ್ಬು ಅರೆದು ಉಳಿದ ಸಿಪ್ಪೆಯನ್ನು ಒಣಗಿಸಿ ಒಲೆಗೆ ತುಂಬುತ್ತಾರೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಲ್ಲದ ಪರಿಮಳದ ಜೊತೆಗೇ ಹೊಗೆಯೂ ಬಾಗಿಲ ಸಂದಿಯಿಂದ ನಮ್ಮ ಕೊಠಡಿಗೆ ನುಗ್ಗುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಇನ್ನೊಂದು ಕೊಠಡಿಯಲ್ಲಿ ಇದೇ ಜಾಲರಿ ಆರು ತಿಂಗಳು ಬಾಳುತ್ತದೆ. ಇಲ್ಲಿ ಮೂರನೆಯ ತಿಂಗಳಿಗೆ ಕಟ್ಟಿಕೊಂಡಿರುತ್ತದೆ.

ರೂಟರಿನ ಬೋರ್ಡ್ ಬದಲಿಸುವ ವಿಷಯ ಹೇಳಲು ಹೊರಟು ಮಸಿಯಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ನಾನು ಕಂಡ ಮಟ್ಟಿಗೆ ಬೋರ್ಡ್‌ಗಳು ಒಂದೇ ದಿನದಲ್ಲಿ ಸಾಯುವುದು ಕಡಿಮೆ. ಅವು ತಿಂಗಳುಗಟ್ಟಲೆ ಬೇಯುತ್ತವೆ. ದೊಡ್ಡ ರೂಟರ್ ಒಂದು ಕೆಲವು ಕಿಲೋವಾಟ್ ವಿದ್ಯುತ್ತನ್ನು ನುಂಗಿ ಹೆಚ್ಚುಕಡಿಮೆ ಅಷ್ಟನ್ನೂ ಬಿಸಿಯಾಗಿ ಹೊರಗೆ ಹಾಕುತ್ತದೆ. ಆ ಬಿಸಿಯನ್ನು ಹೊತ್ತೊಯ್ಯುವುದು ಫ್ಯಾನ್ ಎಳೆಯುವ ಗಾಳಿ ಮಾತ್ರ. ಜಾಲರಿ ಕಟ್ಟಿಕೊಂಡರೆ ಫ್ಯಾನ್ ಹೆಚ್ಚು ವೇಗವಾಗಿ ತಿರುಗುತ್ತದೆ, ಶಬ್ದ ಏರುತ್ತದೆ, ಗಾಳಿ ಮಾತ್ರ ಸಾಲುವುದಿಲ್ಲ. ವಿದ್ಯುತ್ ಭಾಗದಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಆಯಸ್ಸು ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಏರಿದಾಗಲೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ಹಳೆಯ ಲೆಕ್ಕ. ಹಾಗಾಗಿ ಕೆಲವು ನೂರು ರೂಪಾಯಿಯ ಜಾಲರಿಯ ಬಗ್ಗೆ ಉದಾಸೀನ ಮಾಡಿದವರು ಲಕ್ಷಗಳ ಬೋರ್ಡಿಗೆ ಬೆಲೆ ತೆರುತ್ತಾರೆ. ತೊಳೆಯಬಹುದಾದ ಜಾಲರಿಯನ್ನು ತೊಳೆದು ಪೂರ್ತಿ ಒಣಗಿಸಿಯೇ ಹಾಕಬೇಕು. ಹಸಿ ಜಾಲರಿಯನ್ನು ಹಾಕಿದರೆ ಫ್ಯಾನ್ ಆ ತೇವವನ್ನು ನೇರವಾಗಿ ಬೋರ್ಡ್‌ಗಳ ಮೇಲೆ ಎಳೆದುಕೊಳ್ಳುತ್ತದೆ. ಅದಕ್ಕೆ ಒಂದು ಜೊತೆ ಒಣ ಜಾಲರಿ ಯಾವಾಗಲೂ ಕಪಾಟಿನಲ್ಲಿರಬೇಕು.

ಇದೇ ಮಾತು ಖಾಲಿ ಸ್ಲಾಟಿಗೂ ಅನ್ವಯಿಸುತ್ತದೆ. ಸ್ಲಾಟ್ ಎಂದರೆ ಬೋರ್ಡ್ ಕೂರುವ ಗೂಡು; ಹಾಗೆ ಕೂರುವ ಬೋರ್ಡನ್ನು ಕಾರ್ಡ್ ಎಂದೂ ಕರೆಯುತ್ತೇವೆ. ಕಾರ್ಡ್ ಇಲ್ಲದ ಸ್ಲಾಟಿಗೆ ತಗಡಿನ ಮುಚ್ಚಳ ಹಾಕುವುದು ಅಂದಕ್ಕಲ್ಲ. ನೀರು ಬದು ಒಡೆದ ಕಡೆಗೆ ನುಗ್ಗುವಂತೆ ಗಾಳಿ ತೆರೆದ ಸ್ಲಾಟಿನ ಕಡೆಗೆ ನುಗ್ಗುತ್ತದೆ, ಪಕ್ಕದಲ್ಲಿ ಬಿಸಿಯಾಗಿರುವ ಕಾರ್ಡಿಗೆ ಏನೂ ಉಳಿಯುವುದಿಲ್ಲ. ಮುಚ್ಚಳ ಕಳೆದುಹೋಗಿದೆ ಎಂದು ರಟ್ಟು ಅಂಟಿಸಿದ್ದನ್ನು ನೋಡಿದ್ದೇನೆ. ರಟ್ಟು ಗಾಳಿಯನ್ನು ತಡೆಯಬಹುದು. ಬೆಂಕಿಯನ್ನು ತಡೆಯುವುದಿಲ್ಲ, ವಿದ್ಯುತ್ಕಾಂತೀಯ ಗದ್ದಲವನ್ನೂ ತಡೆಯುವುದಿಲ್ಲ.

ಇನ್ನು ಪೆಟ್ಟಿಗೆಯ ಒಳಗೆ ಏನಿದೆ ಎಂಬುದು. ಮನೆಯಲ್ಲಿ ಮಿಣುಕುವ ವೈಫೈ ರೂಟರ್ ಒಂದೇ ಬೋರ್ಡಿನದು. ಕೆಟ್ಟರೆ ಇಡೀ ಡಬ್ಬಿಯನ್ನೇ ಬದಲಿಸುತ್ತೇವೆ. ಊರೂರುಗಳ ಸಂಪರ್ಕ ಹೊತ್ತ ದೊಡ್ಡ ರೂಟರನ್ನು ಹಾಗೆ ಬಿಸಾಡಲಾಗದು. ಅದನ್ನು ಬಿಡಿಬಿಡಿಯಾಗಿ ಕೀಳಲು ಬರುವಂತೆಯೇ ಕಟ್ಟಿರುತ್ತಾರೆ. ಹೊರಚೌಕಟ್ಟಿಗೆ ಚಾಸಿಸ್ ಎನ್ನುತ್ತೇವೆ. ಅದರ ಬೆನ್ನಿಗೋ ನಡುವಿಗೋ ಒಂದು ದೊಡ್ಡ ಫಲಕ, ಮಿಡ್‌ಪ್ಲೇನ್. ಉಳಿದ ಎಲ್ಲ ಬೋರ್ಡ್‌ಗಳು ಬಂದು ಚುಚ್ಚಿಕೊಳ್ಳುವುದು ಇದಕ್ಕೆ.

ಆ ಬೋರ್ಡ್‌ಗಳ ಕೆಲಸ ಹಂಚಿಕೆಯನ್ನು ಹೊಸಬರಿಗೆ ಹೇಳುವಾಗ ನಾನು ವಿಶ್ವೇಶ್ವರಯ್ಯ ನಾಲೆಯನ್ನೇ ತೋರಿಸುತ್ತೇನೆ. ಕನ್ನಂಬಾಡಿಯಿಂದ ಬರುವ ನೀರು ನಾಲೆ, ಉಪನಾಲೆ, ತೂಬುಗಳ ಮೂಲಕ ಗದ್ದೆಗೆ ಹೋಗುತ್ತದೆ. ಯಾವ ತೂಬು ಎಷ್ಟು ಹೊತ್ತು ತೆರೆದಿರಬೇಕು ಎಂದು ತೀರ್ಮಾನಿಸುವವನು ನೀರುಗಂಟಿ. ಆದರೆ ನೀರು ನೀರುಗಂಟಿಯ ಕೈ ಮೇಲೆ ಹರಿಯುವುದಿಲ್ಲ. ಅವನು ಒಂದು ರಾತ್ರಿ ಜ್ವರ ಬಂದು ಮಲಗಿದರೂ ತೂಬುಗಳು ಅವನು ಬಿಟ್ಟುಹೋದಂತೆಯೇ ಇರುತ್ತವೆ, ನೀರು ಹರಿಯುತ್ತಲೇ ಇರುತ್ತದೆ. ತೊಂದರೆ ಬರುವುದು ಆ ರಾತ್ರಿ ಎಲ್ಲಿಯಾದರೂ ಏರಿ ಒಡೆದರೆ. ಆಗ ತೂಬು ಬದಲಿಸುವವರಿರುವುದಿಲ್ಲ.

ರೂಟರಿನಲ್ಲಿ ನೀರುಗಂಟಿಯ ಕೆಲಸ ಮಾಡುವ ಬೋರ್ಡಿಗೆ ಕೆಲವು ತಯಾರಕರು ರೂಟಿಂಗ್ ಎಂಜಿನ್ ಎನ್ನುತ್ತಾರೆ, ಕೆಲವರು ರೂಟ್ ಪ್ರೊಸೆಸರ್ ಎನ್ನುತ್ತಾರೆ. ಅದು ಪಕ್ಕದ ರೂಟರುಗಳೊಡನೆ ಬಿಜಿಪಿ, ಓಎಸ್‌ಪಿಎಫ್ ಎಂಬ ಭಾಷೆಗಳಲ್ಲಿ ಮಾತನಾಡಿ ಎಲ್ಲಿಗೆ ಹೇಗೆ ಹೋಗಬೇಕು ಎಂಬ ದಾರಿಪಟ್ಟಿಯನ್ನು ಕಟ್ಟುತ್ತದೆ. ಇಡೀ ಇಂಟರ್‌ನೆಟ್ಟಿನ ಪೂರ್ಣ ಪಟ್ಟಿಯನ್ನು ಇಟ್ಟುಕೊಂಡರೆ ಐಪಿ ಎಂಬ ವಿಳಾಸ ಪದ್ಧತಿಯ ನಾಲ್ಕನೆಯ ಆವೃತ್ತಿಯೊಂದಕ್ಕೇ 9 ಲಕ್ಷಕ್ಕೂ ಹೆಚ್ಚು ದಾರಿಗಳಾಗುತ್ತವೆ. ಈ ಪಟ್ಟಿಯ ಸಾರವನ್ನು ಅದು ಪ್ರತಿಯೊಂದು ಲೈನ್ ಕಾರ್ಡಿಗೂ ನಕಲು ಮಾಡಿ ಕೊಡುತ್ತದೆ. ಫೈಬರ್ ಬಂದು ಸೇರುವ ಪೋರ್ಟ್‌ಗಳಿರುವುದು ಈ ಲೈನ್ ಕಾರ್ಡ್‌ಗಳಲ್ಲಿ. ಬಂದ ಪ್ರತಿಯೊಂದು ಪ್ಯಾಕೆಟ್ಟನ್ನು, ಅಂದರೆ ಮಾಹಿತಿಯ ಸಣ್ಣ ಕಟ್ಟನ್ನು, ತನ್ನ ನಕಲು ನೋಡಿ ತಾನೇ ಕಳುಹಿಸುವುದು ಲೈನ್ ಕಾರ್ಡ್; ಮೇಲಿನವರನ್ನು ಕೇಳಲು ಹೋಗುವುದಿಲ್ಲ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟಿಸುವುದು ಸ್ವಿಚ್ ಫ್ಯಾಬ್ರಿಕ್ ಬೋರ್ಡ್. ಇವಲ್ಲದೆ ವಿದ್ಯುತ್ ಮಾಡ್ಯೂಲ್‌ಗಳು, ಫ್ಯಾನ್ ಟ್ರೇಗಳು. ಯಾವ ಬೋರ್ಡನ್ನು ಕಿತ್ತರೆ ಏನು ನಿಲ್ಲುತ್ತದೆ, ಏನು ನಿಲ್ಲುವುದಿಲ್ಲ ಎಂಬುದೆಲ್ಲ ಈ ಹಂಚಿಕೆಯಿಂದಲೇ ಹುಟ್ಟುತ್ತದೆ.

ಕಳೆದ ಮಾರ್ಚ್‌ನಲ್ಲಿ ಅದೇ ಮಂಡ್ಯದ ಕೊಠಡಿಯಲ್ಲಿ 3ನೆಯ ಸ್ಲಾಟಿನ ಲೈನ್ ಕಾರ್ಡಿನ ಒಂದು ಪೋರ್ಟ್ ಬರುವ ಮಾಹಿತಿಯಲ್ಲಿ ತಪ್ಪುಗಳನ್ನು ಎಣಿಸತೊಡಗಿತು. ನಮ್ಮಲ್ಲಿ ಹೊಸದಾಗಿ ಸೇರಿದ್ದ, ಪಾಂಡವಪುರದ ಕಡೆಯ ಎಂಜಿನಿಯರ್ ಹುಡುಗಿ ಅಂದು ಜೊತೆಗಿದ್ದಳು. "ಸರ್, ಬದಲಿ ಕಾರ್ಡ್ ಮೈಸೂರಿನಲ್ಲಿದೆ, ತರಿಸಿ ಹಾಕಿಬಿಡೋಣವೇ?" ಎಂದಳು. "ಸ್ವಲ್ಪ ತಡೆಯಮ್ಮ, ಕೆಟ್ಟಿರುವುದು ಕಾರ್ಡೇ ಎಂದು ಮೊದಲು ಖಚಿತವಾಗಲಿ" ಎಂದೆ. ಈ ಲೇಖನದಲ್ಲಿ ಯಾವುದಾದರೂ ಒಂದು ಭಾಗವನ್ನು ಓದುಗರು ನಿಧಾನವಾಗಿ ಓದಬೇಕೆಂದರೆ ಅದು ಈ ಮುಂದಿನದು. ಕಾರ್ಡ್ ಕೀಳುವುದು ಐದು ನಿಮಿಷದ ಕೆಲಸ. ದೋಷ ನಿಜವಾಗಿ ಎಲ್ಲಿ ಕುಳಿತಿದೆ ಎಂದು ಬೇರ್ಪಡಿಸುವುದೇ ನಮ್ಮ ವೃತ್ತಿ.

ಒಂದೇ ಪೋರ್ಟ್ ನರಳುತ್ತಿದ್ದರೆ ಅನುಮಾನ ಮೊದಲು ಹೋಗಬೇಕಾದ್ದು ಹೊರಗಡೆಗೆ. ಫೈಬರಿನ ತುದಿ, ಅದು ಕೂರುವ, ಬೆಳಕನ್ನು ಕಳುಹಿಸಿ ಪಡೆಯುವ ಆಪ್ಟಿಕ್ ಮಾಡ್ಯೂಲ್, ಆಮೇಲೆ ಪೋರ್ಟ್, ಕೊನೆಗೆ ಕಾರ್ಡ್. ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಸಾಗುವ ತಿರುಳಿನ ಅಗಲ ಸುಮಾರು 9 ಮೈಕ್ರಾನ್. ನಮ್ಮ ತಲೆಗೂದಲು ಅದಕ್ಕಿಂತ ಹಲವು ಪಟ್ಟು ದಪ್ಪ. ಆಲೆಮನೆಯ ಮಸಿಯ ಒಂದು ಕಣ ಆ ತುದಿಯ ಮೇಲೆ ಕೂತರೆ ಸಾಕು, ನದಿಗೆ ಅಡ್ಡ ಬಂಡೆ ಬಿದ್ದಂತೆ. ರೂಟರನ್ನೇ ಕೇಳಿದರೆ ಎಷ್ಟು ಬೆಳಕು ಬರುತ್ತಿದೆ ಎಂದು ಡಿಬಿಎಂ ಲೆಕ್ಕದಲ್ಲಿ ಹೇಳುತ್ತದೆ. ಆ ಲೆಕ್ಕದಲ್ಲಿ 3 ಕಡಿಮೆಯಾದರೆ ಬೆಳಕು ಅರ್ಧವಾಗಿದೆ ಎಂದರ್ಥ. 10 ಕಿಲೋಮೀಟರ್ ದೂರಕ್ಕೆಂದು ಮಾಡಿದ 10 ಗಿಗಾಬಿಟ್ಟಿನ ಎಲ್‌ಆರ್ ಮಾಡ್ಯೂಲಿಗೆ ಬರುವ ಬೆಳಕು ಮೈನಸ್ 14.4 ಡಿಬಿಎಂಗಿಂತ ಕೆಳಗಿಳಿಯಬಾರದು. ಅಂದು ಆ ಪೋರ್ಟಿನಲ್ಲಿ ಮೈನಸ್ 7ರ ಆಸುಪಾಸಿನಲ್ಲಿತ್ತು. ಬೆಳಕಿಗೆ ಕೊರತೆಯಿರಲಿಲ್ಲ.

ಮುಂದಿನ ಹೆಜ್ಜೆ ಲೂಪ್. ಹೊರಗಿನ ಫೈಬರನ್ನು ತೆಗೆದು, ಗಿಡ್ಡ ಫೈಬರಿನಿಂದ ಆ ಪೋರ್ಟಿನ ಬಾಯನ್ನು ಅದರದೇ ಕಿವಿಗೆ ಜೋಡಿಸುತ್ತೇವೆ. ಹೀಗೆ ಜೋಡಿಸಿದಾಗ ತಪ್ಪುಗಳು ನಿಂತರೆ ದೋಷ ಹೊರಗಿನ ದಾರಿಯದು. ಮುಂದುವರಿದರೆ ಮಾಡ್ಯೂಲಿನದು ಅಥವಾ ಕಾರ್ಡಿನದು. 40, 80 ಕಿಲೋಮೀಟರ್ ದೂರಕ್ಕೆ ಕೂಗುವ ಮಾಡ್ಯೂಲುಗಳಿಗೆ ಮಾತ್ರ ಹೀಗೆ ನೇರವಾಗಿ ಜೋಡಿಸಬಾರದು, ನಡುವೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಇರಲೇಬೇಕು. ಇಲ್ಲದಿದ್ದರೆ ಅದರ ಕೂಗಿಗೆ ಅದರದೇ ಕಿವಿ ಒಡೆಯುತ್ತದೆ. ನಮ್ಮ ಪೋರ್ಟಿನಲ್ಲಿ ಲೂಪ್ ಹಾಕಿದ ಮೇಲೂ ತಪ್ಪುಗಳು ಏರುತ್ತಲೇ ಇದ್ದವು. ಮಾಡ್ಯೂಲ್ ಬದಲಿಸಿದೆವು, ಆಗಲೂ ನಿಲ್ಲಲಿಲ್ಲ. ಅಷ್ಟರಲ್ಲಿ ಅದೇ ಕಾರ್ಡಿನ ಪಕ್ಕದ ಪೋರ್ಟ್‌ಗಳೂ ಅದೇ ರಾಗ ಹಾಡತೊಡಗಿದವು. ಈಗ ಅನುಮಾನ ಒಳಗೆ ಬಂತು.

ಆದರೆ ಒಳಗೆ ಬಂದ ಅನುಮಾನವೂ ಎರಡು ಬಗೆ. ದಾಖಲೆಯಲ್ಲಿ ಪ್ಯಾರಿಟಿ ತಪ್ಪು, ಅಂದರೆ ಸ್ಮರಣೆಯಲ್ಲಿ ಬರೆದದ್ದು ಬದಲಾಗಿದೆ, ಎಂದು ಒಂದು ಸಾಲು ಬಂದರೆ ಕಾರ್ಡ್ ಸತ್ತಿದೆ ಎಂದರ್ಥವಲ್ಲ. ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದು ಹುಟ್ಟುವ ನ್ಯೂಟ್ರಾನ್ ಒಂದು ಸ್ಮರಣೆಯ ಚಿಪ್ಪಿಗೆ ತಾಗಿದರೆ 0 ಇದ್ದದ್ದು 1 ಆಗಬಹುದು. ಚಿಪ್ಪಿಗೆ ಏನೂ ಆಗಿರುವುದಿಲ್ಲ, ಬರೆದಿದ್ದ ಅಕ್ಷರ ಮಾತ್ರ ಅಳಿಸಿರುತ್ತದೆ. ಕಾರ್ಡನ್ನು ಒಮ್ಮೆ ಮರುಚಾಲನೆ ಮಾಡಿದರೆ ಸರಿಹೋಗುತ್ತದೆ, ಮತ್ತೆ ವರ್ಷಗಟ್ಟಲೆ ಬರುವುದೇ ಇಲ್ಲ. ಅದೇ ಜಾಗದಲ್ಲಿ ಅದೇ ತಪ್ಪು ಮರುದಿನವೂ ಬಂದರೆ ಅದು ಗಟ್ಟಿ ದೋಷ. ಈ ವ್ಯತ್ಯಾಸ ತಿಳಿಯದೆ ಚೆನ್ನಾಗಿರುವ ಎಷ್ಟೋ ಕಾರ್ಡ್‌ಗಳನ್ನು ಕಿತ್ತು ತಯಾರಕರಿಗೆ ಕಳುಹಿಸುತ್ತಾರೆ. ಅಲ್ಲಿ ಪರೀಕ್ಷೆಯಲ್ಲಿ ಅವು ಪಾಸಾಗುತ್ತವೆ. ನಾವು ಅಂದು ಕಾರ್ಡನ್ನು ಮರುಚಾಲನೆ ಮಾಡಿ ಒಂದು ದಿನ ಕಾದೆವು. ಮರುದಿನ ಸಂಜೆಗೆ ತಪ್ಪುಗಳು ಮರಳಿದವು. ಆಗ ಬದಲಿ ಕಾರ್ಡಿಗೆ ಹೇಳಿಕಳುಹಿಸಿದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಕೆಟ್ಟಿರುವುದು ಕಾರ್ಡೋ, ಅದು ಕೂತಿರುವ ಸ್ಲಾಟೋ? ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿದಾಗ ದೋಷ ಅದರ ಬೆನ್ನು ಹತ್ತಿ ಹೋದರೆ ಕಾರ್ಡ್, ಹಿಂದೆಯೇ ಉಳಿದರೆ ಸ್ಲಾಟ್. ಆದರೆ ಮಿಡ್‌ಪ್ಲೇನಿನಲ್ಲಿ ಒಂದು ಪಿನ್ ಬಾಗಿದ್ದರೆ ಆ ಸ್ಲಾಟಿಗೆ ಹಾಕಿದ ಒಳ್ಳೆಯ ಕಾರ್ಡಿನ ಕನೆಕ್ಟರೂ ಹಾಳಾಗುತ್ತದೆ. ಆದ್ದರಿಂದ ಯಾವ ಕಾರ್ಡನ್ನೂ ಒಳಗೆ ತಳ್ಳುವ ಮೊದಲು ಟಾರ್ಚ್ ಹಿಡಿದು ಸ್ಲಾಟಿನ ತಳದವರೆಗೆ ನೋಡುವುದು ನನ್ನ ಮಟ್ಟಿಗೆ ಕಡ್ಡಾಯ. ಸಾಲಾಗಿ ನಿಂತ ಪಿನ್ನುಗಳು ನಾಟಿ ಮಾಡಿದ ಪೈರಿನ ಸಾಲಿನಂತೆ ಕಾಣುತ್ತವೆ. ಒಂದು ವಾಲಿದ್ದರೂ ಕಣ್ಣಿಗೆ ಬೀಳುತ್ತದೆ. ಮಿಡ್‌ಪ್ಲೇನ್ ಬದಲಿಸುವುದೆಂದರೆ ಇಡೀ ರೂಟರನ್ನು ಆರಿಸಿ, ಎಲ್ಲವನ್ನೂ ಬಿಚ್ಚಿ, ಮತ್ತೆ ಕಟ್ಟುವುದು. ಹತ್ತು ಸೆಕೆಂಡಿನ ಟಾರ್ಚ್ ಬೆಳಕು ಅದನ್ನು ತಪ್ಪಿಸುತ್ತದೆ.

ಬದಲಿ ಕಾರ್ಡ್ ಅದೇ ಮಾದರಿಯದಾಗಿದ್ದು ಅದೇ ಸ್ಲಾಟಿಗೆ ಹೋದರೆ ಹೊಸದಾಗಿ ಬರೆಯುವುದೇನೂ ಇಲ್ಲ. ರೂಟರಿನ ಸಂರಚನೆ, ಅಂದರೆ ಅದಕ್ಕೆ ನಾವು ಬರೆದುಕೊಟ್ಟ ಸೂಚನೆಗಳು, ಪೋರ್ಟಿನ ವಿಳಾಸಕ್ಕೆ ಅಂಟಿರುತ್ತದೆ. 3/0/1 ಎಂಬ ಹೆಸರಿನಲ್ಲಿ ಮೊದಲ ಅಂಕಿ ಸ್ಲಾಟ್, ನಡುವಿನದು ಕಾರ್ಡಿನೊಳಗಿನ ವಿಭಾಗ, ಕೊನೆಯದು ಪೋರ್ಟ್. ಇಲ್ಲಿ ಹೊಸಬರು ಎಡವುವ ಕಲ್ಲೊಂದಿದೆ: ಇಂಥ ರೂಟರುಗಳಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. 3ನೆಯ ಸ್ಲಾಟ್ ಎಂದರೆ ತುದಿಯಿಂದ ನಾಲ್ಕನೆಯದು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದ ಕೈ ಪಕ್ಕದ ಆರೋಗ್ಯವಂತ ಕಾರ್ಡಿನ ಸನ್ನೆಯ, ಅಂದರೆ ಕಾರ್ಡನ್ನು ಎಬ್ಬಿಸುವ ಹಿಡಿಯ, ಮೇಲೆ ಹೋಗುತ್ತದೆ. ನಾನು ಕಾಗದದ ಪಟ್ಟಿಯೊಂದನ್ನು ಕೀಳಬೇಕಾದ ಕಾರ್ಡಿನ ಮೇಲೆ ಹಗಲೇ ಅಂಟಿಸುತ್ತೇನೆ, ಇನ್ನೊಬ್ಬರಿಂದ ಓದಿಸುತ್ತೇನೆ. ಜೊತೆಗೆ ರೂಟರಿನ ತಂತ್ರಾಂಶ ಆ ಬದಲಿ ಕಾರ್ಡನ್ನು ಗುರುತಿಸುವಷ್ಟು ಹೊಸದೇ ಎಂದು ನೋಡಿಕೊಳ್ಳಬೇಕು. ಹಳೆಯ ತಂತ್ರಾಂಶದ ರೂಟರಿಗೆ ಹೊಸ ತಲೆಮಾರಿನ ಕಾರ್ಡ್ ಹಾಕಿದರೆ ಅದು ಅಪರಿಚಿತರಂತೆ ಬಾಗಿಲಲ್ಲೇ ನಿಲ್ಲುತ್ತದೆ.

ಇನ್ನು ಸ್ಥಿರವಿದ್ಯುತ್ತು. ಇದನ್ನು ನಂಬದವರು ಬಹಳ, ಏಕೆಂದರೆ ಅದು ಕಾಣುವುದಿಲ್ಲ. ಮೈಸೂರು, ಮಂಡ್ಯಗಳಲ್ಲಿ ಫೆಬ್ರುವರಿ, ಮಾರ್ಚ್‌ನ ಒಣ ಗಾಳಿಯಲ್ಲಿ ಸ್ವೆಟರ್ ಬಿಚ್ಚುವಾಗ ಚಟಪಟ ಎನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಬೆರಳಿಗೆ ಚುರುಕ್ ಎನಿಸಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಆದರೆ ರೂಟರಿನ ಕೆಲವು ಚಿಪ್ಪುಗಳು 30 ವೋಲ್ಟಿನಷ್ಟು ಕಡಿಮೆಯಲ್ಲೂ ಪೆಟ್ಟು ತಿನ್ನಬಲ್ಲವು. ಅಂದರೆ ನಮಗೆ ಏನೂ ಅನ್ನಿಸದೆಯೇ ನಮ್ಮ ಕೈ ಕಾರ್ಡನ್ನು ಕೊಂದಿರಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಅರೆಗಾಯ. ಕಾರ್ಡ್ ಅಂದು ಕೆಲಸ ಮಾಡುತ್ತದೆ, ಎಲ್ಲ ಪರೀಕ್ಷೆ ಮುಗಿಸುತ್ತದೆ, ಮೂರು ತಿಂಗಳ ಬಳಿಕ ಕಾರಣವಿಲ್ಲದೆ ನರಳತೊಡಗುತ್ತದೆ. ಆ ಹೊತ್ತಿಗೆ ಬರಿಗೈಯಲ್ಲಿ ಮುಟ್ಟಿದವರು ಯಾರು ಎಂದು ಯಾರಿಗೆ ನೆನಪಿರುತ್ತದೆ?

ಅದಕ್ಕೆ ಮಣಿಕಟ್ಟಿನ ಪಟ್ಟಿ. ಚರ್ಮಕ್ಕೆ ತಾಗುವಂತೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನು ಚಾಸಿಸ್‌ನಲ್ಲಿ ಇದಕ್ಕೆಂದೇ ಇರುವ ಬಿಂದುವಿಗೆ ಸೇರಿಸಬೇಕು. ತೋಳಿನ ಬಟ್ಟೆಯ ಮೇಲೆ ಕಟ್ಟಿದರೆ ಕಟ್ಟದಂತೆಯೇ. ಆ ತಂತಿಯೊಳಗೆ 1ರಿಂದ 10 ಮೆಗಾಓಮ್‌ನ ತಡೆ ಇರಬೇಕು. ನೇರ ತಂತಿ ಏಕೆ ಸಾಲದು ಎಂದು ಹುಡುಗಿ ಕೇಳಿದಳು, ಒಳ್ಳೆಯ ಪ್ರಶ್ನೆ. ಸ್ಥಿರವಿದ್ಯುತ್ತು ನಿಧಾನವಾಗಿ ಸೋರಿಹೋಗಲು ಅಷ್ಟು ತಡೆ ಅಡ್ಡಿಯಲ್ಲ. ಆದರೆ ಆಕಸ್ಮಿಕವಾಗಿ ಇನ್ನೊಂದು ಕೈ ಮೇನ್ಸ್ ವಿದ್ಯುತ್ತಿಗೆ ತಾಗಿದರೆ ನಮ್ಮ ದೇಹದ ಮೂಲಕ ಭೂಮಿಗೆ ಹರಿಯುವ ಪ್ರವಾಹವನ್ನು ಪ್ರಾಣ ಹೋಗದಷ್ಟು ಸಣ್ಣದಾಗಿಸುವುದು ಅದೇ ತಡೆ. ಪಟ್ಟಿ ಕಾರ್ಡನ್ನು ಕಾಯುತ್ತದೆ, ತಡೆ ಕಟ್ಟಿಕೊಂಡವರನ್ನು ಕಾಯುತ್ತದೆ. ಪಟ್ಟಿ ಹಳತಾಗಿ ಒಳಗೇ ತುಂಡಾಗಿದ್ದರೆ ಎರಡೂ ಇಲ್ಲ, ಹಾಗಾಗಿ ಮೀಟರಿನಿಂದ ಆಗಾಗ ಅಳೆಯಬೇಕು.

ಮಂಡ್ಯದ ಕಾರ್ಡ್ ಬದಲಿಸುವ ರಾತ್ರಿ ಒಂದೂವರೆಗೆ ಕೆಲಸ ಆರಂಭಿಸಿದೆವು. ಮೊದಲು ನೀರು ತಿರುಗಿಸಿದೆವು, ಅಂದರೆ ಆ ಕಾರ್ಡಿನ ಮೂಲಕ ಹೋಗುವ ದಾರಿಗಳಿಗೆ ಓಎಸ್‌ಪಿಎಫ್‌ನಲ್ಲಿ ಬೆಲೆ ಏರಿಸಿದೆವು. ದುಬಾರಿ ದಾರಿಯನ್ನು ಬಿಟ್ಟು ಪ್ಯಾಕೆಟ್‌ಗಳು ತಾವಾಗಿ ಮೈಸೂರಿನ ಇನ್ನೊಂದು ಮಾರ್ಗ ಹಿಡಿದವು. ಪೋರ್ಟ್‌ಗಳು ಬರಿದಾದದ್ದನ್ನು ಅಂಕಿಗಳಲ್ಲಿ ಕಂಡ ಮೇಲೆ ಪ್ರತಿ ಫೈಬರಿಗೂ ಗುರುತಿನ ಚೀಟಿ ಇದೆಯೇ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದೆವು. ಫೈಬರ್ ಬಿಚ್ಚಿದ ತಕ್ಷಣ ಎರಡೂ ಕಡೆಗೆ ರಬ್ಬರ್ ಟೋಪಿ ಹಾಕಬೇಕು, ಫೈಬರಿನ ತುದಿಗೂ ಮಾಡ್ಯೂಲಿನ ಬಾಯಿಗೂ. ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯೇ ಎಂದು ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. 1310, 1550 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ, ಕಾಣದಿದ್ದರೂ ಕಣ್ಣನ್ನು ಸುಡಬಲ್ಲದು.

ಆಮೇಲೆ ಕಾರ್ಡನ್ನು ಆಫ್‌ಲೈನ್ ಮಾಡುವುದು. ಆದೇಶ ಕೊಟ್ಟು ಮಾಡಬಹುದು, ಅಥವಾ ಕಾರ್ಡಿನದೇ ಗುಂಡಿಯನ್ನು ಒತ್ತಿ ಹಿಡಿಯಬಹುದು. ನಮ್ಮ ಮಾದರಿಯಲ್ಲಿ ಹಸಿರು ದೀಪ ಮಿಣುಕತೊಡಗುತ್ತದೆ, ಸುಮಾರು ಐದು ಸೆಕೆಂಡು ಬಿಡದೆ ಹಿಡಿದರೆ ಪೂರ್ತಿ ಆರುತ್ತದೆ. ಆ ಐದು ಸೆಕೆಂಡಿನಲ್ಲಿ ರೂಟಿಂಗ್ ಎಂಜಿನ್ ಉಳಿದವರಿಗೆಲ್ಲ ಈ ಕಾರ್ಡ್ ಹೊರಡುತ್ತಿದೆ ಎಂದು ತಿಳಿಸುತ್ತದೆ, ಫ್ಯಾಬ್ರಿಕ್ ಅದರತ್ತ ಕಳುಹಿಸುವುದನ್ನು ನಿಲ್ಲಿಸುತ್ತದೆ, ಕಾರ್ಡಿನ ವಿದ್ಯುತ್ತು ಕ್ರಮವಾಗಿ ಕಡಿದುಹೋಗುತ್ತದೆ. ಚಾಲನೆಯಲ್ಲೇ ಕೀಳಬಹುದಾದ ಕಾರ್ಡ್ ಎಂದು ತಯಾರಕರು ಬರೆದಿರುವುದು ನಿಜ. ಕನೆಕ್ಟರಿನಲ್ಲಿ ಭೂಸಂಪರ್ಕದ ಪಿನ್ ಎಲ್ಲಕ್ಕಿಂತ ಉದ್ದವಾಗಿದ್ದು, ಹಾಕುವಾಗ ಮೊದಲು ತಾಗಿ ಕೀಳುವಾಗ ಕೊನೆಗೆ ಬಿಡುವಂತೆ ಮಾಡಿರುತ್ತಾರೆ. ಆದರೆ ಅದು ಅಪಘಾತದಿಂದ ಉಳಿಸಲು ಇರುವ ಏರ್ಪಾಡು. ಹೇಳದೆ ಕಿತ್ತಾಗ ಫ್ಯಾಬ್ರಿಕ್ ಗಾಬರಿಯಾಗಿ ಪಕ್ಕದ ಕಾರ್ಡ್‌ಗಳಲ್ಲೂ ತಪ್ಪು ದಾಖಲಾಗಿದ್ದನ್ನು ನಾನು ಕಂಡಿದ್ದೇನೆ.

ದೀಪ ಆರಿದ ಮೇಲೆ ಎರಡು ತುದಿಯ ಸ್ಕ್ರೂ ಸಡಿಲಿಸಿ, ಎರಡೂ ಸನ್ನೆಗಳನ್ನು ಒಟ್ಟಿಗೆ ಹೊರಕ್ಕೆ ತಿರುಗಿಸಬೇಕು. ಒಂದನ್ನು ಮೊದಲು, ಇನ್ನೊಂದನ್ನು ಆಮೇಲೆ ತಿರುಗಿಸಿದರೆ ಕಾರ್ಡ್ ಓರೆಯಾಗಿ ಪಿನ್ನುಗಳನ್ನು ಬಗ್ಗಿಸುತ್ತದೆ. ಹುಡುಗಿ ಅಂದು ಎರಡೂ ಹೆಬ್ಬೆರಳುಗಳನ್ನು ಇಟ್ಟು ಉಸಿರು ಬಿಗಿಹಿಡಿದು ತಿರುಗಿಸಿದಳು. ಒಳಗಿನಿಂದ ಕನೆಕ್ಟರ್ ಬಿಟ್ಟ ಮೆತ್ತನೆಯ ಸದ್ದು ಬಂತು. ಕಾರ್ಡಿನ ತೂಕ ಐದಾರು ಕಿಲೋ ದಾಟುತ್ತದೆ, ಮುಕ್ಕಾಲು ಭಾಗ ಹೊರಬಂದ ಮೇಲೆ ತಟ್ಟನೆ ಕೈಗೆ ಭಾರ ಬೀಳುತ್ತದೆ. ಒಂದು ಕೈ ಮುಂದಿನ ಫಲಕದ ಮೇಲೆ, ಇನ್ನೊಂದು ಕೆಳಗಿನ ಲೋಹದ ತಳದ ಮೇಲೆ ಇರಬೇಕು. ಹಿಂದಿನ ಕನೆಕ್ಟರಿನ ಅಂಚನ್ನು ಹಿಡಿಯಬಾರದು, ಆ ಅಂಚಿನ ಮೇಲೆ ನೆಲಕ್ಕೆ ಊರಲೂ ಬಾರದು. ಒಂದು ಕಾರ್ಡಿನ ಮೇಲೆ ಇನ್ನೊಂದನ್ನು ಪೇರಿಸುವುದಂತೂ ಬೇಡವೇ ಬೇಡ.

ಹೊಸದನ್ನು ಹಾಕುವಾಗ ಬಲ ಬೇಕಾಗುವುದಿಲ್ಲ. ಹಳಿ ಸರಿಯಾಗಿ ಸಿಕ್ಕಿದ್ದರೆ ಕಾರ್ಡ್ ತಾನೇ ಜಾರಿಕೊಂಡು ಹೋಗುತ್ತದೆ, ಕೊನೆಯ ಬೆರಳಗಲದಲ್ಲಿ ಮಾತ್ರ ಬಿಗಿ ಸಿಗುತ್ತದೆ, ಅದನ್ನು ಸನ್ನೆಗಳು ನೋಡಿಕೊಳ್ಳುತ್ತವೆ. ಬಿಗಿ ಮೊದಲೇ ಸಿಕ್ಕಿದರೆ ಏನೋ ತಪ್ಪಿದೆ. ಹೊರಗೆಳೆದು ಮತ್ತೆ ಟಾರ್ಚ್ ಹಿಡಿಯಬೇಕು. ಆನ್‌ಲೈನ್ ಮಾಡಿದ ಮೇಲೆ ಕಾರ್ಡ್ ಏಳಲು ಕೆಲವು ನಿಮಿಷ ಬೇಕು. ಆ ನಿಮಿಷಗಳು ಬಲು ದೀರ್ಘ. ದೀಪ ಮಿಣುಕುತ್ತಿರುವಾಗಲೇ ಏನೋ ಆಗಿದೆ ಎಂದು ಮತ್ತೆ ಕಿತ್ತು ಹಾಕಿದವರು ಮೊದಲಿನಿಂದ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಮಾಡಬೇಕಾದ ಕೆಲಸವೊಂದಿದೆ: ಒತ್ತಿದರೆ ನೂಲು ಸುತ್ತುವ ಪೆನ್ನಿನಂಥ ಕ್ಲೀನರಿನಿಂದ ಪ್ರತಿ ಫೈಬರಿನ ತುದಿಯನ್ನು ಒರೆಸುವುದು. ಅಂಗಿಯ ತುದಿಯಿಂದಲ್ಲ.

ರೂಟಿಂಗ್ ಎಂಜಿನ್ ಬದಲಿಸುವುದು ಬೇರೆಯೇ ಬಗೆಯ ಕೆಲಸ, ಏಕೆಂದರೆ ಅದರೊಳಗೆ ಡಿಸ್ಕ್ ಇದೆ, ನೆನಪಿದೆ, ನೆರೆಹೊರೆಯ ರೂಟರುಗಳೊಡನೆ ಮಾತುಕತೆ ಇದೆ. ದೊಡ್ಡ ರೂಟರುಗಳಲ್ಲಿ ಎರಡು ಇರುತ್ತವೆ, ಒಂದು ಯಜಮಾನ, ಇನ್ನೊಂದು ಕಾಯ್ದಿರುವುದು. ಕೀಳಬೇಕಾದ್ದು ಯಜಮಾನನೇ ಆಗಿದ್ದರೆ ಮೊದಲು ಯಜಮಾನಿಕೆಯನ್ನು ವರ್ಗಾಯಿಸಿ, ಆಮೇಲೆ ಅದನ್ನು ಕಂಪ್ಯೂಟರ್ ಆರಿಸುವಂತೆ ಕ್ರಮವಾಗಿ ಆರಿಸಿ, ಅನಂತರವೇ ಕೀಳಬೇಕು. ಎರಡೂ ಒಂದೇ ತಂತ್ರಾಂಶ ಹೊತ್ತು, ಪರಸ್ಪರ ಹೊಂದಿಕೊಂಡಿವೆ ಎಂದು ಖಾತ್ರಿಯಾಗದೆ ವರ್ಗಾಯಿಸಿದರೆ ಏನಾಗುತ್ತದೆ? ಲೈನ್ ಕಾರ್ಡ್‌ಗಳು ಹಳೆಯ ಪಟ್ಟಿ ಹಿಡಿದು ಸ್ವಲ್ಪ ಹೊತ್ತು ಸಾಗಿಸಬಹುದು. ಆದರೆ ನೆರೆಯ ರೂಟರ್ ಬಿಜಿಪಿಯಲ್ಲಿ ತನಗೆ ಉತ್ತರ ಬರುವುದನ್ನು ಕಾಯುವುದು ಕೆಲವು ತಯಾರಕರಲ್ಲಿ 90 ಸೆಕೆಂಡು, ಕೆಲವರಲ್ಲಿ 180 ಸೆಕೆಂಡು. ಓಎಸ್‌ಪಿಎಫ್ ಸಾಮಾನ್ಯವಾಗಿ 40 ಸೆಕೆಂಡಿಗೇ ಕೈಬಿಡುತ್ತದೆ. ಆಮೇಲೆ ಅದು ನಮ್ಮನ್ನು ಸತ್ತವರೆಂದು ತೀರ್ಮಾನಿಸಿ ದಾರಿಗಳನ್ನೆಲ್ಲ ಅಳಿಸುತ್ತದೆ. ನೀರುಗಂಟಿ ಮಲಗಿದ್ದಾನೆಯೇ, ಊರು ಬಿಟ್ಟಿದ್ದಾನೆಯೇ ಎಂದು ಕೇಳುವಷ್ಟು ತಾಳ್ಮೆ ಅದಕ್ಕಿಲ್ಲ. ಒಂದೇ ರೂಟಿಂಗ್ ಎಂಜಿನ್ ಇರುವ ರೂಟರಿನಲ್ಲಿ ಸಂರಚನೆಯ ಪ್ರತಿ ಹೊರಗೆ ಬೇರೆ ಕಡೆ ಇರಲೇಬೇಕು. ಬೋರ್ಡಿನ ಜೊತೆ ಡಿಸ್ಕೂ ಹೊರಬರುತ್ತದೆ.

ಫ್ಯಾನ್ ಟ್ರೇ ಬಗ್ಗೆ ಹೇಳಬೇಕಾದ್ದು ಒಂದೇ: ಹೊಸ ಟ್ರೇಯನ್ನು ಪೆಟ್ಟಿಗೆಯಿಂದ ಬಿಚ್ಚಿ ಪಕ್ಕದಲ್ಲಿ ಇಟ್ಟುಕೊಂಡೇ ಹಳೆಯದನ್ನು ಎಳೆಯಬೇಕು, ನಡುವೆ ಫೋನ್ ಎತ್ತಬಾರದು. ವಿದ್ಯುತ್ ಮಾಡ್ಯೂಲಿನಲ್ಲಿ, ಅದು ಟೆಲಿಕಾಂ ಕೊಠಡಿಗಳ ಮೈನಸ್ 48 ವೋಲ್ಟಿನದಾಗಿದ್ದರೆ, ಬ್ರೇಕರ್ ಆರಿಸಿ ಮೀಟರಿನಿಂದ ಸೊನ್ನೆ ನೋಡಿದ ಮೇಲೆಯೇ ತಂತಿ ಮುಟ್ಟಬೇಕು. ಇನ್ನೊಂದು ಮಾಡ್ಯೂಲ್ ಪೂರ್ತಿ ಹೊರೆ ಹೊರಬಲ್ಲದೇ ಎಂಬುದನ್ನು ಕೀಳುವ ಮೊದಲು ನೋಡಬೇಕು.

ನಮ್ಮ ಕಡೆಯ ಕೊಠಡಿಗಳಿಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಹೇಳದೆ ಬಿಡಲಾರೆ. ದಸರೆಯ ದಿನಗಳಲ್ಲಿ ನಾವು ಬೋರ್ಡ್ ಬದಲಿಸುವಂಥ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ, ಊರೆಲ್ಲ ಜಾಲದ ಮೇಲೆ ನಿಂತಿರುತ್ತದೆ. ಆದರೆ ಮಹಾನವಮಿಯಂದು ಆಯುಧಪೂಜೆ ಇದ್ದೇ ಇರುತ್ತದೆ, ರೂಟರೂ ನಮ್ಮ ಆಯುಧವೇ. ನಾನೂ ಕೈ ಮುಗಿಯುತ್ತೇನೆ. ಕುಂಕುಮ ಮಾತ್ರ ರ‍್ಯಾಕಿನ ಹೊರಬಾಗಿಲಿಗೆ ಇರಲಿ, ಗಾಳಿಯ ಜಾಲರಿಗೆ ಬೇಡ. ಫ್ಯಾನ್ ಆ ಸಣ್ಣ ಪುಡಿಯನ್ನು ನೇರವಾಗಿ ಕಾರ್ಡ್‌ಗಳ ಮೇಲೆ ಎಳೆಯುತ್ತದೆ. ಒಮ್ಮೆ ಬೋರ್ಡ್ ಒಂದನ್ನು ಬಿಚ್ಚಿದಾಗ ಹೀಟ್‌ಸಿಂಕಿನ ಸಂದುಗಳಲ್ಲಿ ವರ್ಷಗಳ ಕೆಂಪು ಕೂತಿತ್ತು. ಊದುಬತ್ತಿ, ಕರ್ಪೂರ, ಬೂದುಗುಂಬಳ ಬಾಗಿಲ ಹೊರಗೇ ಚೆಂದ.

ಹಳೆಯ ಕಾರ್ಡಿನ ಬಗ್ಗೆ ಯಾರೂ ಯೋಚಿಸುವುದಿಲ್ಲ, ಹೊಸದು ಎದ್ದ ಸಂತೋಷದಲ್ಲಿ ಅದು ಮೇಜಿನ ಮೇಲೆ ಉಳಿದುಬಿಡುತ್ತದೆ. ಹಲವು ವರ್ಷಗಳ ಹಿಂದೆ ನಾನು ಇನ್ನೊಂದು ಕಡೆ ಕೆಲಸಕ್ಕಿದ್ದಾಗ ಒಂದು ನಡುರಾತ್ರಿ ಕಪಾಟಿನಿಂದ ಬದಲಿ ಕಾರ್ಡ್ ತೆಗೆದು ಹಾಕಿದೆ. ಅದೂ ಏಳಲಿಲ್ಲ. ಸ್ಲಾಟೇ ಕೆಟ್ಟಿದೆ ಎಂದುಕೊಂಡೆ, ಮಿಡ್‌ಪ್ಲೇನ್ ಕೆಟ್ಟಿದೆ ಎಂದುಕೊಂಡೆ, ಬೆಳಗಿನವರೆಗೆ ಒದ್ದಾಡಿದೆ. ಆ ಬದಲಿ ಕಾರ್ಡ್ ಎಂಟು ತಿಂಗಳ ಹಿಂದೆ ಯಾರೋ ಕೆಟ್ಟಿದೆಯೆಂದು ಕಿತ್ತು, ಚೀಟಿ ಅಂಟಿಸದೆ ಅದೇ ಕಪಾಟಿನಲ್ಲಿ ಇಟ್ಟದ್ದಾಗಿತ್ತು.

ಹಾಗಾಗಿ ಮಂಡ್ಯದಲ್ಲಿ ಹೊಸ ಕಾರ್ಡಿನ ದೀಪ ಹಸಿರಾಗಿ ನಿಂತು, ದಾರಿಗಳ ಬೆಲೆ ಮತ್ತೆ ಇಳಿಸಿ, ತಪ್ಪಿನ ಎಣಿಕೆ ಸೊನ್ನೆಯಲ್ಲೇ ಇರುವುದನ್ನು ಅರ್ಧ ಗಂಟೆ ನೋಡಿದ ಮೇಲೂ ನಾವು ಹೊರಡಲಿಲ್ಲ. ಹಳೆಯ ಕಾರ್ಡನ್ನು ಸ್ಥಿರವಿದ್ಯುತ್ ತಡೆಯುವ ಬೆಳ್ಳಿಬಣ್ಣದ ಚೀಲಕ್ಕೆ ಇಳಿಸಿ ಬಾಯಿ ಮಡಚಿದೆವು, ಹೊಸದು ಬಂದ ಪೆಟ್ಟಿಗೆಯಲ್ಲೇ ಇಟ್ಟೆವು. ಹುಡುಗಿ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಕೆಟ್ಟಿದೆ, 3ನೆಯ ಸ್ಲಾಟಿನಿಂದ ತೆಗೆದದ್ದು, ಮರುಚಾಲನೆಯ ನಂತರವೂ ಪ್ಯಾರಿಟಿ ತಪ್ಪು, ಲೂಪಿನಲ್ಲೂ ತಪ್ಪು, ದಿನಾಂಕ. ಸೀರಿಯಲ್ ಸಂಖ್ಯೆಯನ್ನು ಕಾರ್ಡಿನಿಂದ ನೋಡಿ ಬರೆದು, ರೂಟರಿನ ದಾಖಲೆಯಲ್ಲಿದ್ದ ಸಂಖ್ಯೆಯೊಡನೆ ಒಂದೊಂದೇ ಅಂಕಿ ಓದಿ ತಾಳೆ ನೋಡಿದಳು. ಬಾಗಿಲು ತೆಗೆದಾಗ ಆಲೆಮನೆಯ ಕಡೆ ಆಗಲೇ ಒಲೆ ಹೊತ್ತಿಸಿದ್ದರು. ನಾನು ಒಳಗೆ ಹೋಗಿ ಜಾಲರಿಯನ್ನೂ ಬದಲಿಸಿ ಬಂದೆ.